ಎದೆ ಸೀಳದೆ ಕವಾಟ ಬದಲಿ: ಯಾರಿಗೆ, ಯಾವಾಗ?

ಹೃದಯದ ಕವಾಟ ಕೆಟ್ಟಿದೆ ಎಂದು ವೈದ್ಯರು ಹೇಳಿದೊಡನೆ ನಮ್ಮ ಕಡೆಯ ಮನೆಗಳಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ರೋಗಿ ವಯೋವೃದ್ಧರಾಗಿದ್ದರೆ, “ಈ ವಯಸ್ಸಿನಲ್ಲಿ ಎದೆ ಕೊಯ್ಸಿಕೊಂಡು ಏನಾಗಬೇಕಾಗಿದೆ? ಇದ್ದಷ್ಟು ದಿನ ಇರುತ್ತೇನೆ” ಎಂದು ತಾವೇ ಹೇಳಿ ಸುಮ್ಮನಾಗುತ್ತಾರೆ. ಹರೆಯದ ಹೆಣ್ಣುಮಗಳಾಗಿದ್ದರೆ, “ಮೊದಲು ಮದುವೆಯಾಗಲಿ, ಆಮೇಲೆ ನೋಡಿದರಾಯಿತು” ಎಂದು ಹಿರಿಯರು ವಿಷಯವನ್ನು ಮುಚ್ಚಿಡುತ್ತಾರೆ. ಈ ಎರಡು ಉತ್ತರಗಳ ಹಿಂದೆ ಇರುವುದು ಬಹುಮಟ್ಟಿಗೆ ಒಂದೇ ಭಯ. ಅದು ಎದೆಯ ನಡುವಣ ಎಲುಬನ್ನು ಮೇಲಿನಿಂದ ಕೆಳಗಿನವರೆಗೆ ಸೀಳುವ ದೊಡ್ಡ ಶಸ್ತ್ರಚಿಕಿತ್ಸೆಯ ಭಯ.

ಕಳೆದ ಎರಡು ಮೂರು ದಶಕಗಳಲ್ಲಿ ವೈದ್ಯವಿಜ್ಞಾನವು ಈ ಭಯದ ಕಾರಣವನ್ನು ಸಾಕಷ್ಟು ದೂರ ಮಾಡಿದೆ. ಅಂಗೈಗಿಂತ ಚಿಕ್ಕದಾದ ಗಾಯದ ಮೂಲಕ ಕವಾಟವನ್ನು ಬದಲಿಸಬಹುದು. ಕೆಲವರಿಗೆ ಗಾಯವನ್ನೇ ಮಾಡದೆ, ತೊಡೆಯ ಸಂದಿಯ ರಕ್ತನಾಳದ ಮೂಲಕ ಹೊಸ ಕವಾಟವನ್ನು ಹೃದಯದೊಳಗೆ ಕೂಡಿಸಬಹುದು. ಇದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಒಂದು ಸಾಧಾರಣ ಕುಟುಂಬ ಇದರಿಂದ ಏನನ್ನು ತಿಳಿದುಕೊಳ್ಳಬೇಕು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ವಿಚಾರ ಮಾಡೋಣ.

ಹೃದಯದ ನಾಲ್ಕು ಬಾಗಿಲುಗಳು

ಬಾವಿಗೆ ಅಥವಾ ಹೊಳೆಗೆ ಪಂಪ್‌ಸೆಟ್ ಇಟ್ಟು ಕಬ್ಬಿಗೆ ನೀರು ಹಾಯಿಸುವ ನಮ್ಮ ರೈತಬಾಂಧವರಿಗೆ ಕವಾಟವೆಂದರೇನೆಂದು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಪೈಪಿನ ತುದಿಯಲ್ಲಿ ನೀರಿನೊಳಗೆ ಮುಳುಗಿರುವ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಮರಳಿ ಕೆಳಕ್ಕೆ ಬಿಡುವುದಿಲ್ಲ. ಅದಕ್ಕೆ ಕಸ ಸಿಕ್ಕಿ ಬಾಯಿ ಕಟ್ಟಿದರೆ ನೀರು ಸಾಕಷ್ಟು ಬರುವುದಿಲ್ಲ. ಅದರ ವಾಷರ್ ಸವೆದರೆ ಏರಿದ ನೀರು ಇಳಿದುಹೋಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಮೋಟರು ಓಡುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ.

ನಮ್ಮ ಹೃದಯದಲ್ಲಿ ಇಂತಹ ನಾಲ್ಕು ಕವಾಟಗಳಿವೆ. ದೇಹದಿಂದ ಮರಳಿ ಬಂದ ರಕ್ತವು ಹೃದಯದ ಬಲಭಾಗವನ್ನು ಸೇರಿ, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಆ ದಾರಿಯಲ್ಲಿ ತ್ರಿದಳ ಕವಾಟ ಮತ್ತು ಪುಪ್ಪುಸ ಕವಾಟಗಳಿವೆ. ಶ್ವಾಸಕೋಶಗಳಲ್ಲಿ ಶುದ್ಧವಾದ ರಕ್ತವು ಎಡ ಹೃತ್ಕರ್ಣಕ್ಕೆ ಬಂದು, ದ್ವಿದಳ ಕವಾಟವನ್ನು ದಾಟಿ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ. ಅಲ್ಲಿಂದ ಮಹಾಪಧಮನಿಯ ಕವಾಟವನ್ನು ದಾಟಿ ಸರ್ವಾಂಗಗಳಿಗೆ ಹರಿಯುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಈ ಬಾಗಿಲುಗಳು ತೆರೆದು ಮುಚ್ಚುತ್ತವೆ. ಹೆಚ್ಚಿನ ಒತ್ತಡವನ್ನು ತಾಳುವ ಎಡಭಾಗದ ಎರಡು ಕವಾಟಗಳೇ ಹೆಚ್ಚಾಗಿ ಕೆಡುತ್ತವೆ.

ಕೆಡುವುದು ಎರಡು ಬಗೆ. ಬಾಗಿಲಿನ ದಳಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡು ಕಿಂಡಿ ಕಿರಿದಾಗುವುದು ಒಂದು. ದಳಗಳು ಸರಿಯಾಗಿ ಕೂಡದೆ ರಕ್ತ ಹಿಂದಕ್ಕೆ ಸೋರುವುದು ಇನ್ನೊಂದು. ಆರೋಗ್ಯವಂತರಲ್ಲಿ ಮಹಾಪಧಮನಿ ಕವಾಟದ ಕಿಂಡಿ 3ರಿಂದ 4 ಚದರ ಸೆಂಟಿಮೀಟರಿನಷ್ಟಿರುತ್ತದೆ. ಅದು 1 ಚದರ ಸೆಂಟಿಮೀಟರಿಗೆ ಇಳಿಯಿತೆಂದರೆ ರೋಗ ತೀವ್ರವಾಯಿತೆಂದು ತಿಳಿಯಬೇಕು. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ ಕೇಳುವ ‘ಮರ್ಮರ’ ಶಬ್ದ ವೈದ್ಯರಿಗೆ ಮೊದಲ ಸುಳಿವು ಕೊಡುತ್ತದೆ. ಖಚಿತಪಡಿಸುವುದು ಎಕೋ ಪರೀಕ್ಷೆ. ಇ.ಸಿ.ಜಿ. ಸರಿಯಾಗಿದೆಯೆಂದ ಮಾತ್ರಕ್ಕೆ ಕವಾಟ ಸರಿಯಾಗಿದೆಯೆಂದು ಭಾವಿಸಬಾರದು.

ಹರೆಯದಲ್ಲಿ ಒಂದು, ಮುಪ್ಪಿನಲ್ಲಿ ಇನ್ನೊಂದು

ನಮ್ಮ ದೇಶದಲ್ಲಿ ಎಳೆಯರ ಮತ್ತು ಹರೆಯದವರ ಕವಾಟವನ್ನು ಕೆಡಿಸುವ ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಇದರ ಆರಂಭ ಬಹಳ ಸಾಮಾನ್ಯವಾದುದು. 5ರಿಂದ 15 ವರ್ಷದ ಮಗುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಅದು ತಾನಾಗಿಯೇ ಇಳಿಯುತ್ತದೆ. ಎರಡು ಮೂರು ವಾರಗಳ ಬಳಿಕ ಜ್ವರ ಕಾಣಿಸಿಕೊಂಡು ಮೊಣಕಾಲು, ಹಿಮ್ಮಡಿ, ಮೊಣಕೈಗಳ ಕೀಲುಗಳು ಒಂದಾದ ಮೇಲೊಂದು ಬಾತು ನೋಯುತ್ತವೆ. ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ತನ್ನ ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಕೀಲುನೋವು ಕೆಲವು ದಿನಗಳಲ್ಲಿ ಗುರುತೂ ಉಳಿಯದಂತೆ ಮಾಯವಾಗುತ್ತದೆ, ಆದರೆ ಕವಾಟದ ಮೇಲೆ ಆದ ಗಾಯ ಉಳಿಯುತ್ತದೆ. ಮತ್ತೆ ಮತ್ತೆ ಗಂಟಲು ಕೆಟ್ಟಾಗ ಅದೇ ಗಾಯ ಬಲಿಯುತ್ತ ಹೋಗಿ, ಹತ್ತು ಇಪ್ಪತ್ತು ವರ್ಷಗಳಲ್ಲಿ ದ್ವಿದಳ ಕವಾಟದ ಬಾಯಿ ಕಿರಿದಾಗುತ್ತದೆ. ಹೊಲದ ಕೆಲಸದಲ್ಲಿ ದಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂಡುವುದು, ಕೆಮ್ಮಿದಾಗ ಕಫದಲ್ಲಿ ರಕ್ತ ಇವು ಅದರ ಲಕ್ಷಣಗಳು. ಇವನ್ನು ಅಸ್ತಮಾ ಎಂದೋ ಕ್ಷಯವೆಂದೋ ರಕ್ತಹೀನತೆಯೆಂದೋ ತಿಳಿದು ವರ್ಷಗಟ್ಟಲೆ ಬೇರೆ ಔಷಧಿ ತೆಗೆದುಕೊಂಡವರು ಉಂಟು.

ಮುಪ್ಪಿನಲ್ಲಿ ಬರುವುದು ಬೇರೆ ಬಗೆಯ ತೊಂದರೆ. 65, 70 ವರ್ಷಗಳನ್ನು ದಾಟಿದ ಕೆಲವರಲ್ಲಿ ಮಹಾಪಧಮನಿಯ ಕವಾಟದ ಮೇಲೆ ಸುಣ್ಣದ ಅಂಶ ಗಟ್ಟಿಯಾಗಿ ಕೂಡುತ್ತ, ಮೃದುವಾಗಿದ್ದ ದಳಗಳು ಚಿಪ್ಪಿನಂತಾಗುತ್ತವೆ. ಹುಟ್ಟಿನಿಂದಲೇ ಆ ಕವಾಟಕ್ಕೆ ಮೂರರ ಬದಲು ಎರಡೇ ದಳಗಳಿದ್ದವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ನಡೆಯುವಾಗ ಎದೆ ಹಿಡಿದಂತಾಗುವುದು, ಚಕ್ಕರ್ ಬಂದು ಬೀಳುವುದು, ದಮ್ಮು ಇವು ಇದರ ಮೂರು ಮುಖ್ಯ ಲಕ್ಷಣಗಳು. ಈ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಕಾಲಾವಕಾಶ ಬಹಳ ಉಳಿದಿರುವುದಿಲ್ಲ. ಸುಣ್ಣ ಕಟ್ಟಿದ ಕವಾಟವನ್ನು ಬಿಡಿಸುವ ಗುಳಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಹಿರಿಯರ ದಮ್ಮನ್ನು “ವಯಸ್ಸಾಯಿತು” ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ.

ಎದೆ ತೆರೆದು ಮಾಡುವ ಚಿಕಿತ್ಸೆ

ಹೃದಯವನ್ನು ಮುಟ್ಟುವುದೇ ತಪ್ಪು ಎಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಮಿಡಿಯುತ್ತಿದ್ದ ಹೃದಯದೊಳಗೆ ಬೆರಳು ತೂರಿಸಿ ಕಿರಿದಾಗಿದ್ದ ದ್ವಿದಳ ಕವಾಟವನ್ನು ಬಿಡಿಸಿದರು. ರೋಗಿ ಬದುಕಿದಳು, ಆದರೂ ಎರಡನೆಯ ರೋಗಿಯನ್ನು ಯಾರೂ ಅವರ ಬಳಿಗೆ ಕಳಿಸಲಿಲ್ಲ. ಆ ಕೆಲಸ ಮತ್ತೆ ಆರಂಭವಾಗಲು 1948ರವರೆಗೆ ಕಾಯಬೇಕಾಯಿತು. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಅವರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಸ್ವಲ್ಪ ಹೊತ್ತು ತಾನೇ ವಹಿಸಿಕೊಳ್ಳುವ ಯಂತ್ರದ ನೆರವಿನಿಂದ ಯಶಸ್ವಿಯಾಗಿ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ, ಹೃದಯವನ್ನು ನಿಲ್ಲಿಸಿ, ತೆರೆದು, ಒಳಗೆ ಕೆಲಸ ಮಾಡುವುದು ಸಾಧ್ಯವಾಯಿತು. 1960ರಲ್ಲಿ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಅವರು ಪಂಜರದೊಳಗೆ ಚೆಂಡು ಆಡುವ ಕೃತಕ ಕವಾಟವನ್ನು ಮನುಷ್ಯರಿಗೆ ಜೋಡಿಸಿದರು.

ನಮ್ಮ ದೇಶಕ್ಕೆ ಈ ಕವಾಟಗಳು ಹೊರಗಿನಿಂದ ಬರಬೇಕಾಗಿತ್ತು. ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. ಈ ಕೊರತೆಯನ್ನು ನೀಗಿದವರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರಾದ ಎಂಜಿನಿಯರರು. ಅವರು ರೂಪಿಸಿದ ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಎದೆಗುಂದದೆ ದುಡಿದು, ಲೋಹದ ಚೌಕಟ್ಟಿನೊಳಗೆ ಗಟ್ಟಿಯಾದ ಪ್ಲಾಸ್ಟಿಕ್ ಬಿಲ್ಲೆ ಓಲಾಡುವ ನಾಲ್ಕನೆಯ ಮಾದರಿಯನ್ನು ಸಿದ್ಧಪಡಿಸಿದರು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಜೋಡಿಸಲಾಯಿತು. ‘ಚಿತ್ರಾ ಕವಾಟ’ವೆಂದು ಹೆಸರಾದ ಇದು ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ನೆರವಾಗಿದೆ. ವಲಿಯತ್ತಾನ್ ಅವರು ಅನಂತರ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಬಂದು ಕರ್ನಾಟಕದಲ್ಲಿಯೇ ನೆಲೆಸಿದರು. 2024ರ ಜುಲೈ ತಿಂಗಳಲ್ಲಿ ಮಣಿಪಾಲದಲ್ಲಿ ನಿಧನರಾದರು.

ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಇಂದಿಗೂ ಹಳೆಯದಾಗಿಲ್ಲ, ಕೀಳೂ ಅಲ್ಲ. ಸಾವಿರಾರು ಜನರಿಗೆ ಇಂದಿಗೂ ಅದೇ ಸರಿಯಾದ ದಾರಿ. ಆದರೆ ಸೀಳಿದ ಎದೆಯೆಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಭಾರ ಎತ್ತುವ ಕೆಲಸಕ್ಕೆ ಸುಮಾರು ಮೂರು ತಿಂಗಳು ಕಾಯಬೇಕು. ಕೂಲಿ ಮಾಡಿ ಉಣ್ಣುವವರಿಗೆ ಮೂರು ತಿಂಗಳೆಂದರೆ ಒಂದು ಹಂಗಾಮು ಕಳೆದಂತೆ.

ಚಿಕ್ಕ ಗಾಯದ ಮೂರು ದಾರಿಗಳು

‘ಎದೆ ಸೀಳದೆ’ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆಯಾದ ಮೂರು ಚಿಕಿತ್ಸೆಗಳು ಸೇರಿಕೊಂಡಿವೆ. ಇವನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ.

ಮೊದಲನೆಯದು ಬಲೂನ್ ಚಿಕಿತ್ಸೆ. ಜಪಾನಿನ ಕಾಂಜಿ ಇನೋಯೆ ಎಂಬ ಶಸ್ತ್ರವೈದ್ಯರು 1980ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ತೊಡೆಯ ಅಭಿಧಮನಿಯ ಮೂಲಕ ತೆಳ್ಳಗಿನ ನಾಳಿಕೆಯೊಂದನ್ನು ಹೃದಯದವರೆಗೆ ಸಾಗಿಸಿ, ಎರಡು ಹೃತ್ಕರ್ಣಗಳ ನಡುವಣ ಪೊರೆಯಲ್ಲಿ ಸಣ್ಣ ರಂಧ್ರ ಮಾಡಿ, ಕಿರಿದಾದ ದ್ವಿದಳ ಕವಾಟದ ನಡುವೆ ಬಲೂನನ್ನು ಉಬ್ಬಿಸುತ್ತಾರೆ. ಅಂಟಿಕೊಂಡ ದಳಗಳು ಬಿಡಿಸಿಕೊಳ್ಳುತ್ತವೆ. ಇಲ್ಲಿ ಕವಾಟದ ಬದಲಿ ಇಲ್ಲ, ತನ್ನ ಕವಾಟವೇ ಉಳಿಯುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಈ ಚಿಕಿತ್ಸೆಯಲ್ಲಿ ಬಹು ದೊಡ್ಡ ಅನುಭವ ಗಳಿಸಿ ದೇಶದಲ್ಲಿಯೇ ಹೆಸರಾಗಿದೆ. ಆದರೆ ಕವಾಟ ಬಹಳ ಸುಣ್ಣಗಟ್ಟಿದ್ದರೆ, ರಕ್ತ ಹೆಚ್ಚಾಗಿ ಸೋರುತ್ತಿದ್ದರೆ, ಅಥವಾ ಹೃತ್ಕರ್ಣದೊಳಗೆ ರಕ್ತ ಹೆಪ್ಪುಗಟ್ಟಿ ಕುಳಿತಿದ್ದರೆ ಬಲೂನ್ ಹಾಕುವಂತಿಲ್ಲ. ತಡವಾಗಿ ಬಂದವರು ಈ ಸುಲಭದ ದಾರಿಯನ್ನು ಕಳೆದುಕೊಳ್ಳುತ್ತಾರೆ.

ಎರಡನೆಯದು ಕಿರು ಸೀಳಿಕೆಯ ಶಸ್ತ್ರಚಿಕಿತ್ಸೆ. 1990ರ ದಶಕದ ನಡುವೆ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಇದು ಬೆಳೆಯಿತು. ಇಲ್ಲಿ ಎದೆಯ ನಡುವಣ ಎಲುಬನ್ನು ಪೂರ್ತಿ ಸೀಳುವ ಬದಲು ಅದರ ಮೇಲ್ಭಾಗವನ್ನು ಮಾತ್ರ ತೆರೆಯುತ್ತಾರೆ. ಇಲ್ಲವೇ ಬಲಗಡೆಯ ಪಕ್ಕೆಲುಬುಗಳ ನಡುವೆ ಐದಾರು ಸೆಂಟಿಮೀಟರಿನ ಗಾಯ ಮಾಡಿ, ಉದ್ದನೆಯ ಉಪಕರಣಗಳಿಂದ, ಕೆಲವು ವೇಳೆ ಕ್ಯಾಮೆರಾದ ನೆರವಿನಿಂದ ಕೆಲಸ ಮಾಡುತ್ತಾರೆ. ಹೃದಯವನ್ನು ನಿಲ್ಲಿಸುವುದು, ಯಂತ್ರಕ್ಕೆ ಜೋಡಿಸುವುದು ಇಲ್ಲಿಯೂ ತಪ್ಪಿದ್ದಲ್ಲ. ಯಂತ್ರದ ನಾಳಗಳನ್ನು ಬಹುಶಃ ತೊಡೆಯ ಸಂದಿಯಿಂದ ಜೋಡಿಸುತ್ತಾರೆ. ರಕ್ತ ಹೋಗುವುದು ಕಡಿಮೆ, ನೋವು ಕಡಿಮೆ, ದುಡಿಮೆಗೆ ಮರಳುವುದು ಬೇಗ ಎಂಬುದು ಇದರ ಲಾಭ. ಯಂತ್ರದ ಮೇಲೆ ಇರುವ ಹೊತ್ತು ಸ್ವಲ್ಪ ಹೆಚ್ಚು ಎಂಬುದು, ಇದಕ್ಕೆ ವಿಶೇಷವಾಗಿ ಪಳಗಿದ ಕೈ ಬೇಕು ಎಂಬುದು ಇದರ ಮಿತಿ. ಹಿಂದೆ ಎದೆಯ ಶಸ್ತ್ರಚಿಕಿತ್ಸೆಯಾದವರಿಗೆ, ಜೊತೆಗೆ ಬೈಪಾಸ್ ಕೂಡ ಬೇಕಾದವರಿಗೆ ಇದು ಸಾಮಾನ್ಯವಾಗಿ ಒಗ್ಗುವುದಿಲ್ಲ.

ಮೂರನೆಯದು ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಗಿರುವ ‘ಟಾವಿ’. ಡೆನ್ಮಾರ್ಕಿನ ಹೆನ್ನಿಂಗ್ ಆಂಡರ್ಸನ್ ಎಂಬ ತರುಣ ವೈದ್ಯರು 1989ರಲ್ಲಿ ಲೋಹದ ತಂತಿಯ ಬಲೆಯೊಳಗೆ ಹಂದಿಯ ಕವಾಟವನ್ನು ಹೊಲಿದು, ಮಡಚಿ, ಹಂದಿಯ ಹೃದಯದೊಳಗೆ ನಾಳಿಕೆಯ ಮೂಲಕ ಅರಳಿಸಿ ತೋರಿಸಿದರು. ಮನುಷ್ಯರಲ್ಲಿ ಇದನ್ನು ಮೊದಲು ಮಾಡಿದವರು ಫ್ರಾನ್ಸಿನ ರೂವಾನ್ ನಗರದ ಡಾ. ಅಲೈನ್ ಕ್ರಿಬಿಯೇ, 2002ರ ಏಪ್ರಿಲ್ 16ರಂದು. ರೋಗಿಗೆ ಆಗ 57 ವರ್ಷ; ಸಾವಿನಂಚಿನಲ್ಲಿದ್ದ ಆತನನ್ನು ಶಸ್ತ್ರವೈದ್ಯರು ಕೈಬಿಟ್ಟಿದ್ದರು. ಹೊಸ ಕವಾಟ ಕೆಲಸ ಮಾಡಿತು. ಆತ ಕೆಲವು ತಿಂಗಳ ಬಳಿಕ ಬೇರೆ ತೊಡಕುಗಳಿಂದ ತೀರಿಕೊಂಡರೂ ದಾರಿ ತೆರೆದಿತ್ತು.

ಇದರ ಕ್ರಮ ಹೀಗೆ. ಹಸುವಿನ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ದಳಗಳನ್ನು ಲೋಹದ ಜಾಲರಿಗೆ ಹೊಲಿದಿರುತ್ತಾರೆ. ಅದನ್ನು ಪೆನ್ಸಿಲಿನಷ್ಟು ದಪ್ಪಕ್ಕೆ ಒತ್ತಿ, ತೊಡೆಯ ಸಂದಿಯ ಧಮನಿಯಿಂದ ಮೇಲಕ್ಕೆ ಸಾಗಿಸಿ, ಕೆಟ್ಟ ಕವಾಟದ ನಡುವೆ ನಿಲ್ಲಿಸಿ ಅರಳಿಸುತ್ತಾರೆ. ಕೆಲವು ಬಗೆಯವು ಬಲೂನಿನಿಂದ ಅರಳುತ್ತವೆ, ಕೆಲವು ತಾವಾಗಿಯೇ ಅರಳುತ್ತವೆ. ಹಳೆಯ ಕವಾಟವನ್ನು ಹೊರತೆಗೆಯುವುದಿಲ್ಲ. ಅದು ಗೋಡೆಗೆ ಒತ್ತರಿಸಿಕೊಂಡು ಹೊಸದಕ್ಕೆ ಆಧಾರವಾಗುತ್ತದೆ. ಹೃದಯವನ್ನು ನಿಲ್ಲಿಸಬೇಕಾಗಿಲ್ಲ, ಯಂತ್ರ ಬೇಕಾಗಿಲ್ಲ, ಹಲವರಿಗೆ ಪೂರ್ಣ ಅರಿವಳಿಕೆಯೂ ಬೇಕಾಗುವುದಿಲ್ಲ.

2010ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಎಂಬ ಅಧ್ಯಯನವು ಇದರ ಬೆಲೆಯನ್ನು ಜಗತ್ತಿಗೆ ತೋರಿಸಿತು. ಶಸ್ತ್ರಚಿಕಿತ್ಸೆಯನ್ನು ತಾಳಲಾರರೆಂದು ಬಿಟ್ಟ ವೃದ್ಧ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಲಾಗಿತ್ತು. ಟಾವಿ ಇಲ್ಲದೆ ಉಪಚಾರ ಪಡೆದವರಲ್ಲಿ ಒಂದೇ ವರ್ಷದೊಳಗೆ 100ಕ್ಕೆ ಸುಮಾರು 51 ಜನರು ತೀರಿಕೊಂಡರು. ಟಾವಿ ಪಡೆದವರಲ್ಲಿ ಸುಮಾರು 31 ಜನರು ತೀರಿಕೊಂಡರು. 2019ರ ಹೊತ್ತಿಗೆ, ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲ ಹಿರಿಯರಲ್ಲಿಯೂ ಇದು ಅದಕ್ಕೆ ಸರಿಸಾಟಿಯಾಗಿ ನಿಲ್ಲುವುದೆಂದು ಕಂಡುಬಂದಿತು. ಗುಜರಾತಿನ ವಾಪಿಯ ಕಂಪನಿಯೊಂದು ತಯಾರಿಸಿದ ‘ಮೈವಾಲ್’ ಎಂಬ ಕವಾಟ ಈಗ ಬಳಕೆಯಲ್ಲಿದೆ. ಅದು ವಿದೇಶೀ ಕವಾಟಗಳಿಗೆ ಕಡಿಮೆಯಿಲ್ಲವೆಂದು 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಹೇಳಿದೆ.

ಟಾವಿಯಲ್ಲಿಯೂ ಅಪಾಯಗಳಿವೆ. ಸುಣ್ಣದ ಚೂರು ಮೆದುಳಿಗೆ ಹೋಗಿ ಪಾರ್ಶ್ವವಾಯುವಾಗಬಹುದು. ತೊಡೆಯ ಧಮನಿಗೆ ಪೆಟ್ಟಾಗಬಹುದು. ಹೊಸ ಕವಾಟದ ಅಂಚಿನಲ್ಲಿ ರಕ್ತ ಸೋರಬಹುದು. ಹೃದಯದ ವಿದ್ಯುತ್ ಮಾರ್ಗ ಒತ್ತಿಹೋಗಿ ಕೆಲವರಿಗೆ ಪೇಸ್‌ಮೇಕರ್ ಬೇಕಾಗಬಹುದು.

ಯಾರಿಗೆ ಯಾವುದು?

ಇಲ್ಲಿ ಓದುಗರು ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಟಾವಿ ಹುಟ್ಟಿದ್ದು ಮುಪ್ಪಿನಲ್ಲಿ ಸುಣ್ಣಗಟ್ಟಿ ಕಿರಿದಾದ ಮಹಾಪಧಮನಿ ಕವಾಟಕ್ಕಾಗಿ. ಹರೆಯದವರ ರುಮ್ಯಾಟಿಕ್ ದ್ವಿದಳ ಕವಾಟಕ್ಕೆ ಅದು ಮದ್ದಲ್ಲ. ಅಜ್ಜನಿಗೆ ಒಗ್ಗಿದ್ದು ಮೊಮ್ಮಗಳಿಗೆ ಒಗ್ಗುವುದಿಲ್ಲ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2020ರಲ್ಲಿ ಕೊಟ್ಟ ಸೂಚನೆಯಂತೆ ಮಹಾಪಧಮನಿ ಕವಾಟ ಕಿರಿದಾದವರಲ್ಲಿ 65 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, 80 ದಾಟಿದವರಿಗೆ ಟಾವಿ, ನಡುವಣ ವಯಸ್ಸಿನವರಿಗೆ ವೈದ್ಯರೂ ರೋಗಿಯೂ ಕೂಡಿ ವಿಚಾರಿಸಿದ ತೀರ್ಮಾನ ಎಂದು ಇಟ್ಟುಕೊಳ್ಳಬಹುದು.

ಕವಾಟದ ಆಯ್ಕೆಯಲ್ಲಿಯೂ ಎರಡು ಬಗೆ. ಚಿತ್ರಾ ಕವಾಟದಂತಹ ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತಿರಬೇಕು. ಪ್ರಾಣಿಯ ಪೊರೆಯಿಂದ ಮಾಡಿದ ಕವಾಟಕ್ಕೆ ಈ ಗುಳಿಗೆಯ ಬಂಧನ ಕಡಿಮೆ, ಆದರೆ ಅದು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ. ಹರೆಯದವರಲ್ಲಿ ಇನ್ನೂ ಬೇಗ ಸವೆಯುತ್ತದೆ.

ನಮ್ಮ ಮನೆಗಳಲ್ಲಿ ಇಲ್ಲಿಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ಜೀವಮಾನವಿಡೀ ಸಸ್ಯಾಹಾರದ ನೇಮವನ್ನು ಪಾಲಿಸಿದ ಹಿರಿಯರಿಗೆ, ಹಸುವಿನ ಅಥವಾ ಹಂದಿಯ ಪೊರೆಯ ಕವಾಟವೆಂದು ಶಸ್ತ್ರಚಿಕಿತ್ಸೆಯ ಬಳಿಕ ತಿಳಿದರೆ ಮನಸ್ಸಿಗೆ ಆಘಾತವಾಗುವುದು ಸಹಜ. ಅದು ರಾಸಾಯನಿಕಗಳಲ್ಲಿ ಸಂಸ್ಕರಿಸಿದ, ಜೀವಕೋಶಗಳು ಸತ್ತ ಪೊರೆ ಎಂಬುದು ನಿಜ. ಒಂದು ಜೀವ ಉಳಿಯುವುದು ಮುಖ್ಯವೆಂದು ಒಪ್ಪುವವರು ಅನೇಕರು. ಮನಸ್ಸು ಒಪ್ಪದವರು ಕೆಲವರು. ಇದು ವೈದ್ಯರು ಒಬ್ಬರೇ ತೀರ್ಮಾನಿಸತಕ್ಕ ಪ್ರಶ್ನೆಯಲ್ಲ, ರೋಗಿಯಿಂದ ಮುಚ್ಚಿಡತಕ್ಕ ಪ್ರಶ್ನೆಯೂ ಅಲ್ಲ. ಟಾವಿ ಕವಾಟಗಳ ದಳಗಳು ಪ್ರಾಣಿಯ ಪೊರೆಯವು. ಅದು ಬೇಡವೆನ್ನುವವರಿಗೆ ಯಾಂತ್ರಿಕ ಕವಾಟ ಉಂಟು, ಆದರೆ ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಮೊದಲೇ ಕೇಳಿ, ತಿಳಿದು, ಮನೆಯವರೆಲ್ಲ ಮಾತಾಡಿಕೊಂಡು ಒಪ್ಪಿಗೆ ಕೊಡಬೇಕು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸಿದವರು ಅದನ್ನೂ ಮೊದಲೇ ತಿಳಿಸಬೇಕು. ಚಿಕಿತ್ಸೆಯ ವೇಳೆ ಎದೆಯ ಮೇಲೆ ಲೋಹ ಇರುವಂತಿಲ್ಲ. ಏನು ವ್ಯವಸ್ಥೆ ಮಾಡಬಹುದೆಂದು ಹಿಂದಿನ ದಿನವೇ ಮಾತಾಡಿಕೊಂಡರೆ ಕೊನೆಯ ಗಳಿಗೆಯ ಗೊಂದಲ ತಪ್ಪುತ್ತದೆ.

ಹೆಣ್ಣುಮಕ್ಕಳ ವಿಷಯ

ಮುಚ್ಚಿಟ್ಟ ಕವಾಟದ ರೋಗ ಹೊರಬೀಳುವುದು ಹೆಚ್ಚಾಗಿ ಗರ್ಭಾವಸ್ಥೆಯಲ್ಲಿ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಕಿರಿದಾದ ಕವಾಟ ಅಷ್ಟು ರಕ್ತವನ್ನು ದಾಟಿಸಲಾರದೆ ಅದು ಶ್ವಾಸಕೋಶಗಳಲ್ಲಿ ನಿಲ್ಲುತ್ತದೆ. ಏಳೆಂಟನೆಯ ತಿಂಗಳಲ್ಲಿ ಅಥವಾ ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿ ತಾಯಿಯ ಪ್ರಾಣಕ್ಕೇ ಅಪಾಯವಾಗುತ್ತದೆ. ಇದೇ ಹೆಣ್ಣುಮಗಳು ಮದುವೆಗೆ ಮೊದಲು ಒಂದು ಎಕೋ ಮಾಡಿಸಿಕೊಂಡು, ಬಲೂನ್ ಚಿಕಿತ್ಸೆ ಪಡೆದಿದ್ದರೆ, ಎಷ್ಟೋ ಸಂದರ್ಭಗಳಲ್ಲಿ ಸುಖವಾಗಿ ಹೆರಿಗೆಯಾಗಬಹುದಾಗಿತ್ತು.

ಯಾಂತ್ರಿಕ ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ವಾರ್ಫರಿನ್ ಜಾತಿಯ ಗುಳಿಗೆಗಳಿಂದ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಅಂಗವೈಕಲ್ಯ ಬರಬಹುದು. ಗುಳಿಗೆಯನ್ನು ತಾವಾಗಿಯೇ ಬಿಟ್ಟರೆ ಕವಾಟವೇ ಕಟ್ಟಿಹೋಗಿ ತಾಯಿಗೆ ಅಪಾಯ. ಆದ್ದರಿಂದ ಗರ್ಭ ನಿಲ್ಲುವ ಮುನ್ನವೇ ಹೃದಯ ತಜ್ಞರನ್ನೂ ಪ್ರಸೂತಿ ತಜ್ಞರನ್ನೂ ಕಾಣಬೇಕು. ಈ ಮಾತನ್ನು ಬೀಗರಿಂದ ಮುಚ್ಚಿಟ್ಟರೆ ಗುಳಿಗೆಯನ್ನೂ ಕದ್ದು ನುಂಗಬೇಕಾಗುತ್ತದೆ, ತಪಾಸಣೆಗೂ ಹೋಗಲಾಗುವುದಿಲ್ಲ. ಹೇಳಿ ಮಾಡಿದ ಮದುವೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಮಗಳನ್ನು ನೋಡಲು ಬಂದವರು ಹೃದಯದ ರೋಗವೆಂದು ಕೇಳಿ ಎದ್ದುಹೋದರೆ ದುಃಖವಾಗುವುದು ನಿಜ, ಆದರೆ ಆ ದುಃಖ ಹೆರಿಗೆಯ ಕೋಣೆಯ ದುಃಖಕ್ಕೆ ಸಮನಲ್ಲ. ಗಂಡುಮಕ್ಕಳ ತಂದೆತಾಯಿಗಳೂ ಒಂದು ವಿಷಯ ತಿಳಿದಿರಬೇಕು: ಸಕಾಲದಲ್ಲಿ ಚಿಕಿತ್ಸೆಯಾದ ಹೆಣ್ಣುಮಗಳು ಸಂಸಾರಕ್ಕೆ ಅನರ್ಹಳಲ್ಲ.

ನಮ್ಮ ತಾಲೂಕುಗಳಲ್ಲಿ

ಒಂದು ಕಾಲಕ್ಕೆ ಈ ಭಾಗದ ಜನರು ದೊಡ್ಡ ರೋಗವೆಂದರೆ ರೈಲು ಹತ್ತಿ ಮಿರಜದ ಮಿಶನ್ ದವಾಖಾನೆಗೆ ಹೋಗುತ್ತಿದ್ದರು. ಇಂದು ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಂತಹ ಕಡೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹುಕ್ಕೇರಿ, ಸಂಕೇಶ್ವರಗಳಿಂದ ಹೆದ್ದಾರಿ, ಗೋಕಾಕ ಮೂಡಲಗಿಗಳಿಗೆ ಹತ್ತಿರದ ಘಟಪ್ರಭೆಯಿಂದ ರೈಲು ಇವೆ. ಆದ್ದರಿಂದ ಈಗ ದೂರಕ್ಕಿಂತ ದೊಡ್ಡ ತಡೆಯೆಂದರೆ ತಿಳಿವಳಿಕೆಯ ಕೊರತೆ ಮತ್ತು ಹಣ.

ಹಣದ ವಿಷಯದಲ್ಲಿ ಕೆಲವು ಮಾತು. ಟಾವಿಗೆ ಕವಾಟದ ಬೆಲೆಯೇ ಹಲವು ಲಕ್ಷ ರೂಪಾಯಿ. ಶಸ್ತ್ರಚಿಕಿತ್ಸೆ ಮತ್ತು ಬಲೂನ್ ಚಿಕಿತ್ಸೆಗಳು ಅದಕ್ಕಿಂತ ಬಹಳ ಕಡಿಮೆ ಖರ್ಚಿನವು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆಯೂ 2022-23ರಲ್ಲಿ ಮರಳಿ ಬಂದಿದೆ. ನಿಮ್ಮ ಚಿಕಿತ್ಸೆ ಯಾವುದರಲ್ಲಿ ಸೇರಿದೆ, ಎಷ್ಟು ಸಿಗುತ್ತದೆ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಿ. ಹೊಲ ಮಾರುವ, ಬಡ್ಡಿ ಸಾಲ ಎತ್ತುವ ಯೋಚನೆಯನ್ನು ಅದಾದ ಮೇಲೆ ಮಾಡಬಹುದು.

ಇವೆಲ್ಲಕ್ಕಿಂತ ಕಡಿಮೆ ಖರ್ಚಿನದು ರೋಗವನ್ನು ಬರದಂತೆ ತಡೆಯುವುದು. ರುಮ್ಯಾಟಿಕ್ ಜ್ವರ ಬಂದುಹೋದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಿಸಬೇಕು. ಕವಾಟಕ್ಕೆ ಹಾನಿಯಾಗಿದ್ದರೆ ಕನಿಷ್ಠ 10 ವರ್ಷ, ಎಷ್ಟೋ ವೇಳೆ 40ರ ವಯಸ್ಸಿನವರೆಗೆ ಇದನ್ನು ನಡೆಸಬೇಕು. ಕವಾಟ ಬದಲಿಸಿದ ಮೇಲೂ ಇದನ್ನು ನಿಲ್ಲಿಸಬಾರದು. ಉಳಿದ ಕವಾಟಗಳು ಕಾಯಬೇಕಲ್ಲವೇ? ಜಾತ್ರೆಗೆ ಹೋದೆವು, ಸುಗ್ಗಿಯ ಕೆಲಸವಿತ್ತು, ಮಗು ಚುಚ್ಚುಮದ್ದಿಗೆ ಅಳುತ್ತದೆ ಎಂದು ಬಿಟ್ಟ ಒಂದೊಂದು ಸರತಿಯೂ ರೋಗ ಮರಳಲು ಕೊಟ್ಟ ಅವಕಾಶ. ಅಂಗನವಾಡಿ ಮತ್ತು ಶಾಲೆಗಳಲ್ಲಿ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಸೇರಿದೆ. ವೈದ್ಯರ ತಂಡ ಬಂದ ದಿನ ಮಗುವನ್ನು ಶಾಲೆಗೆ ತಪ್ಪಿಸಬೇಡಿ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಕವಾಟದ ತೊಂದರೆಯೆಂದು ತಿಳಿದಾಗ ಗಾಬರಿಯಾಗದೆ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

1. ಕೆಟ್ಟಿರುವುದು ಯಾವ ಕವಾಟ? ಕಿರಿದಾಗಿದೆಯೋ, ಸೋರುತ್ತಿದೆಯೋ? ಎಷ್ಟು ತೀವ್ರ?

2. ಈಗಲೇ ಚಿಕಿತ್ಸೆ ಬೇಕೋ, ಎಕೋ ಮಾಡಿಸುತ್ತ ಕಾಯಬಹುದೋ? ಕಾಯುವುದಾದರೆ ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು?

3. ಇರುವ ಕವಾಟವನ್ನೇ ಬಲೂನಿನಿಂದ ಅಥವಾ ರಿಪೇರಿಯಿಂದ ಉಳಿಸಿಕೊಳ್ಳಬಹುದೇ?

4. ಬದಲಿಸಬೇಕಾದರೆ ಪೂರ್ಣ ಸೀಳಿಕೆಯೋ, ಕಿರು ಸೀಳಿಕೆಯೋ, ಟಾವಿಯೋ? ಇದನ್ನೇ ಏಕೆ ಆರಿಸಿದಿರಿ? ಇಲ್ಲಿ ಇಂತಹವು ವರ್ಷಕ್ಕೆ ಎಷ್ಟು ನಡೆಯುತ್ತವೆ?

5. ಹಾಕುವ ಕವಾಟ ಯಾಂತ್ರಿಕವೋ, ಪ್ರಾಣಿಯ ಪೊರೆಯದೋ? ಎಷ್ಟು ವರ್ಷ ಬಾಳುತ್ತದೆ?

6. ರಕ್ತ ತೆಳುವಾಗಿಸುವ ಗುಳಿಗೆ ಎಷ್ಟು ಕಾಲ? ಐ.ಎನ್.ಆರ್. ಪರೀಕ್ಷೆ ನಮ್ಮ ಊರ ಹತ್ತಿರ ಎಲ್ಲಿ ಆಗುತ್ತದೆ?

ಕವಾಟ ಹಾಕಿಸಿಕೊಂಡವರು ಅದರ ಕಾರ್ಡನ್ನು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ತೋರಿಸಬೇಕು. ಇಲ್ಲದಿದ್ದರೆ ಬಾಯಿಯ ರೋಗಾಣುಗಳು ರಕ್ತದ ಮೂಲಕ ಹೊಸ ಕವಾಟವನ್ನು ಹಿಡಿಯಬಹುದು. ಕಾರಣವಿಲ್ಲದೆ ಬಂದ ಜ್ವರ ಮೂರು ನಾಲ್ಕು ದಿನ ಉಳಿದರೆ ಗುಳಿಗೆ ಅಂಗಡಿಗೆ ಹೋಗದೆ ವೈದ್ಯರ ಬಳಿಗೆ ಹೋಗಬೇಕು.

ಗಾಯ ಚಿಕ್ಕದಾಗಿರುವುದು ನಮ್ಮ ಕಾಲದ ಒಂದು ಭಾಗ್ಯ. ಆದರೆ ಯಾವ ದಾರಿ ಉಳಿದಿದೆ ಎಂಬುದನ್ನು ತೀರ್ಮಾನಿಸುವುದು ನಾವು ಬಂದ ಹೊತ್ತು. ಬೇಗ ಬಂದ ಹುಡುಗಿಗೆ ಬಲೂನ್ ಸಾಕಾಗಬಹುದು. ತಡವಾಗಿ ಬಂದವಳಿಗೆ ಎದೆ ತೆರೆಯುವುದೇ ಗತಿ. ದಮ್ಮೆಂದ ಕೂಡಲೇ ಬಂದ ಅಜ್ಜನಿಗೆ ಟಾವಿ ದೊರೆಯಬಹುದು. ಹೃದಯ ಪೂರ್ತಿ ಸೋತ ಮೇಲೆ ಬಂದವರಿಗೆ ಅದೂ ದೊರೆಯದಿರಬಹುದು. ಈ ತಿಂಗಳು ನಿಮ್ಮ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಕುಳಿತುಬಿಡುವ ಹಿರಿಯರಿದ್ದರೆ, ಹಿಂದೊಮ್ಮೆ ಕೀಲುನೋವಿನ ಜ್ವರದಲ್ಲಿ ಮಲಗಿದ್ದ ಮಗುವಿದ್ದರೆ, ಒಂದು ಎಕೋ ಮಾಡಿಸಿರಿ.

ಮುಂದಿನ ಸಂಚಿಕೆಯಲ್ಲಿ, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಮೆಂತ್ಯ, ಪಾಲಕ, ರಾಜಗಿರಿ ಮೊದಲಾದ ಸೊಪ್ಪುಗಳನ್ನು ಹೇಗೆ ಉಣ್ಣಬೇಕು, ಹೆಚ್ಚುಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದನ್ನು ತಿಳಿಯೋಣ.